ಹದಿಮೂರು ದ್ರಾಕ್ಷಿಯ ಬಾಟಲಿ, ಬನ್ನೂರು ಕುರಿಯ ಊಟ

ದಸರಾ ರಜೆಗೆ ಮೈಸೂರಿನ ನಮ್ಮ ಮನೆಗೆ ಬಂದ ತಮ್ಮನ ಮಗ, ಫ್ರಾನ್ಸಿನಿಂದ ಸ್ವೆಟರಿನೊಳಗೆ ಸುತ್ತಿ ತಂದಿದ್ದ ಬಾಟಲಿಯೊಂದನ್ನು ನನ್ನ ಕೈಗಿತ್ತು, "ದೊಡ್ಡಪ್ಪ, ಅವಸರ ಮಾಡಿ ತೆಗೆಯಬೇಡಿ" ಎಂದ. ಶಾತೋ ದ ಬೋಕಾಸ್ತೆಲ್ ಎಂಬ ದ್ರಾಕ್ಷಿತೋಟದ 2016ರ ಕೆಂಪು ವೈನ್. ಅಲ್ಲಿ ಸುಮಾರು 80 ಯೂರೋ ತೆತ್ತಿದ್ದನಂತೆ. ಆ ಹಣಕ್ಕೆ ತಕ್ಕುದೇ ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು. ಉತ್ತರ ಹುಡುಕುತ್ತಾ ತೋಟದ ಚರಿತ್ರೆಗೆ ಇಳಿಯಬೇಕಾಯಿತು.

ದಕ್ಷಿಣ ಫ್ರಾನ್ಸಿನ ರೋನ್ ನದಿಯ ಬಯಲಿನಲ್ಲಿ ಶಾತೋನೆಫ್ ದ್ಯು ಪಾಪ್ ಎಂಬ ಊರಿದೆ. ಹದಿನಾಲ್ಕನೆಯ ಶತಮಾನದಲ್ಲಿ ಪೋಪರು ರೋಮ್ ಬಿಟ್ಟು ಅವಿನ್ಯೋನಿನಲ್ಲಿ ನೆಲೆಸಿದ್ದಾಗ ಇಲ್ಲಿ ಕೋಟೆಯೊಂದನ್ನು ಕಟ್ಟಿಸಿದ್ದರು; 'ಪೋಪರ ಹೊಸ ಕೋಟೆ' ಎಂಬರ್ಥದ ಈ ಹೆಸರಿನಲ್ಲಿ ಆ ನೆನಪು ಉಳಿದಿದೆ. ಬೋಕಾಸ್ತೆಲ್ ಇರುವುದು ಅದರ ಉತ್ತರದಂಚಿನ ಕೂರ್ತೆಜೋಂ ಬಳಿ. 1549ರಲ್ಲಿ ಪಿಯೆರ್ ದ ಬೋಕಾಸ್ತೆಲ್ ಎಂಬಾತ ಅಲ್ಲಿ ಒಂದು ಕಣಜವನ್ನೂ ಅದಕ್ಕೆ ಸೇರಿದ ನೆಲವನ್ನೂ ಕೊಂಡ ದಾಖಲೆಯಿದೆ. ಆದರೆ ಇಂದಿನ ಒಡೆಯರು ಆ ವಂಶದವರಲ್ಲ. ಫಿಲಾಕ್ಸೆರಾ ಎಂಬ ಬೇರುಹೇನು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ದ್ರಾಕ್ಷಿಯನ್ನೆಲ್ಲ ತಿಂದು ಹಾಕಿದ ಮೇಲೆ, 1909ರಲ್ಲಿ ಪಿಯೆರ್ ತ್ರಾಮಿಯೆ ಈ ಆಸ್ತಿಯನ್ನು ಕೊಂಡರು. ಅವರಿಂದ ಅದು ಅಳಿಯ ಪಿಯೆರ್ ಪೆರಾಂ ಅವರಿಗೆ ಬಂತು. ಅಳಿಯನ ಕೈಗೆ ಹೋದ ಜಮೀನು ಉಳಿಯುವುದಿಲ್ಲ ಎನ್ನುವ ನಮ್ಮ ಕಡೆಯ ಹಿರಿಯರು ಈ ಮನೆತನವನ್ನೊಮ್ಮೆ ನೋಡಬೇಕಿತ್ತು.

ಪಿಯೆರ್ ಪೆರಾಂ ಅವರ ಮಗ ಜಾಕ್ ಪೆರಾಂ ಹಟವಾದಿ. ಸುತ್ತಲಿನವರೆಲ್ಲ ರಾಸಾಯನಿಕ ಗೊಬ್ಬರ ಮತ್ತು ಔಷಧಗಳಿಗೆ ಒಲಿಯುತ್ತಿದ್ದ ಕಾಲದಲ್ಲಿ ಅವರು ಅವನ್ನು ತೋಟದಿಂದ ದೂರವಿಟ್ಟರು. 1974ರ ಹೊತ್ತಿಗೆ ಬಯೋಡೈನಾಮಿಕ್, ಅಂದರೆ ಚಂದ್ರನ ಚಲನೆಯನ್ನೂ ಲೆಕ್ಕಕ್ಕೆ ಹಿಡಿಯುವ ಒಂದು ಬಗೆಯ ಸಾವಯವ ಬೇಸಾಯಕ್ಕೂ ಕೈಹಾಕಿದ್ದರು. ವಿಶ್ವೇಶ್ವರಯ್ಯ ನಾಲೆಯ ನೀರಿಗೆ ಯೂರಿಯಾ ಬೆರೆತ ಮೇಲೆ ಗದ್ದೆಯ ಮಣ್ಣು ಏನಾಯಿತೆಂದು ಬಲ್ಲ ಮಂಡ್ಯದ ರೈತನಿಗೆ ಆ ಹಟದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ಹಟ ದ್ರಾಕ್ಷಿಯ ತಳಿಗಳದ್ದು. ಈ ಪ್ರದೇಶದ ಸಂಪ್ರದಾಯ ಒಪ್ಪುವ 13 ತಳಿಗಳನ್ನೂ ಬೋಕಾಸ್ತೆಲ್ ಬೆಳೆಯುತ್ತದೆ. ನೆರೆಹೊರೆಯವರ ವೈನಿನಲ್ಲಿ ಗ್ರೆನಾಶ್ ಯಜಮಾನನಾದರೆ, ಇವರ ವೈನಿನಲ್ಲಿ ಒಗರು ಹೆಚ್ಚಿರುವ, ತಡವಾಗಿ ಹಣ್ಣಾಗುವ ಮೂರ್ವೆದ್ರ್ ಅದಕ್ಕೆ ಸಮನಾಗಿ ಕೂರುತ್ತದೆ.

ನನಗೆ ಬಹಳ ಹಿಡಿಸಿದ್ದು ಅವರು ಕೆಂಪು ದ್ರಾಕ್ಷಿಗೆ ಮಾಡುವ ಉಪಚಾರ. ಈರನಗೆರೆ ಬದನೆಕಾಯಿಯನ್ನು ಹೆಚ್ಚಿ ನೀರಿಗೆ ಹಾಕದೆ ಬಿಟ್ಟರೆ ಗಾಳಿ ತಾಗಿ ಕಪ್ಪಾಗುತ್ತದಲ್ಲವೇ, ದ್ರಾಕ್ಷಿರಸಕ್ಕೂ ಅದೇ ಅಪಾಯ. ಅದನ್ನು ತಡೆಯಲು ಸಾಮಾನ್ಯವಾಗಿ ಗಂಧಕ ಬಳಸುತ್ತಾರೆ. ಪೆರಾಂ ಮನೆಯವರು ಹಣ್ಣಿನ ಸಿಪ್ಪೆಯನ್ನು ಕ್ಷಣಕಾಲ ಸುಮಾರು 80 ಡಿಗ್ರಿಗೆ ಬಿಸಿ ಮಾಡಿ ಕೂಡಲೇ ತಣಿಸುತ್ತಾರೆ. ಕೆಡಿಸುವ ಕಿಣ್ವಗಳು ಸಾಯುತ್ತವೆ, ಸಿಪ್ಪೆ ತನ್ನ ಬಣ್ಣವನ್ನು ರಸಕ್ಕೆ ಬಿಡುತ್ತದೆ, ಗಂಧಕದ ಅಗತ್ಯ ತಗ್ಗುತ್ತದೆ.

ನೆಲದ ಮಾತೂ ಇದೆ. ತೋಟದ ತುಂಬ ನದಿ ಉರುಳಿಸಿ ತಂದ ಗುಂಡುಕಲ್ಲುಗಳಿದ್ದು, ಹಗಲು ಕಾದು ಇರುಳು ಆ ಶಾಖವನ್ನು ಬಿಡುತ್ತವೆ. ಮಿಸ್ತ್ರಾಲ್ ಎಂಬ ಒಣ ಬಿರುಗಾಳಿ ಗೊಂಚಲುಗಳ ತೇವವನ್ನು ಆರಿಸಿ ಬೂಷ್ಟು ಹಿಡಿಯದಂತೆ ಕಾಯುತ್ತದೆ. ಅದೇ ಕಂದನ್ನು ಬೇರೆಡೆ ನೆಟ್ಟರೆ ನಂಜನಗೂಡು ರಸಬಾಳೆಯ ರುಚಿ ಬಾರದೆಂದು ನಾವು ಹೇಳುವುದಿಲ್ಲವೇ, ಅಂಥದೇ ಲೆಕ್ಕ.

ಇನ್ನು ಬಾಟಲಿ. ಮೈಸೂರಿನ ಕೋಣೆಯ ಬಿಸಿ ವೈನಿಗೆ ಒಗ್ಗದೆಂದು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದೆ. ಕಾರ್ಕು ಮುರಿಯದೆ ಬಂತು. ಮೊದಲ ಉಸಿರಿಗೇ ಮದ್ದೂರು ಕಡೆಯ ಗೆಳೆಯರು ಮೂಗೇರಿಸಿ, "ಇದು ನಮ್ಮ ಕೊಟ್ಟಿಗೆಯ ವಾಸನೆ ಅಲ್ಲವೇನ್ರೀ?" ಎಂದರು. ಅವರ ಮಾತು ತಪ್ಪಲ್ಲ. ಬ್ರೆಟ್ ಎನ್ನುವ ಕಾಡು ಯೀಸ್ಟಿನಿಂದ ಬರುವ ಈ ವಾಸನೆಗೆ ಹಳೆಯ ಬೋಕಾಸ್ತೆಲ್‌ಗಳು ಹೆಸರಾಗಿವೆ. ಕೆಲವರು ಅದನ್ನು ದೋಷವೆಂದರೆ ಕೆಲವರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ನಮ್ಮ ಬಾಟಲಿಯಲ್ಲಿ ತೆಳುವಾಗಿದ್ದ ಅದು ಒಂದು ಗಂಟೆಯಲ್ಲಿ ಸರಿದು, ನೇರಳೆಹಣ್ಣು, ಕರಿಮೆಣಸು, ಹೊಸ ಚಪ್ಪಲಿಯ ತೊಗಲು ಒಂದೊಂದಾಗಿ ಮೇಲೆದ್ದವು.

ಊಟದಲ್ಲಿ ನಾನು ಎಡವಿದೆ. ಬನ್ನೂರು ಕುರಿಯ ಸಾರು ಮುದ್ದೆಯೊಡನೆ ಎಷ್ಟು ಸೊಗಸಾಗಿತ್ತೋ ವೈನಿನೊಡನೆ ಅಷ್ಟೇ ಕೆಟ್ಟಿತು: ಒಣಮೆಣಸಿನಕಾಯಿಯ ಖಾರಕ್ಕೆ ವೈನಿನ ಮದ್ಯಾಂಶ ಸೇರಿ ಬಾಯಿ ಉರಿಯಿತು, ಹಣ್ಣಿನ ಸವಿ ಎಲ್ಲೋ ಅಡಗಿತು. ಆದರೆ ನನ್ನಾಕೆ ಮಕ್ಕಳಿಗೆಂದು ಬರಿಯ ಉಪ್ಪು, ಮೆಣಸು, ಬೆಳ್ಳುಳ್ಳಿ ಹಾಕಿ ಹುರಿದಿದ್ದ ಅದೇ ಕುರಿಯ ತುಂಡುಗಳನ್ನು ಕಚ್ಚಿ ಒಂದು ಗುಟುಕು ಕುಡಿದಾಗ, ಬನ್ನೂರು ಕುರಿಯ ಕೊಬ್ಬು ವೈನಿನ ಒಗರನ್ನು ಹಿಡಿದು ಮೆತ್ತಗೆ ಮಾಡಿತು. ಮುಚ್ಚಿಟ್ಟು ಮರುದಿನ ಕುಡಿದ ಕೊನೆಯ ಲೋಟ ಎಲ್ಲಕ್ಕಿಂತ ಚೆನ್ನಾಗಿತ್ತು. ಅಂದರೆ ಬಾಟಲಿಯನ್ನು ಇನ್ನೂ ಕೆಲವು ವರ್ಷ ಮಲಗಿಸಿಡಬೇಕಿತ್ತು; ಹುಡುಗ ಹೇಳಿದ್ದು ಅದನ್ನೇ.

ಹಣಕ್ಕೆ ತಕ್ಕುದೇ? ತಾಳ್ಮೆಯೂ ತಂಪಾದ ಜಾಗವೂ ಇರುವವರಿಗೆ ಹೌದು. ಜಾಕ್ ಅವರ ನೆನಪಿಗೆ 1989ರಿಂದ ಒಳ್ಳೆಯ ವರ್ಷಗಳಲ್ಲಷ್ಟೇ ಮಾಡುವ, ಬಹುಪಾಲು ಮೂರ್ವೆದ್ರ್ ಇರುವ ವಿಶೇಷ ವೈನ್ ನಮ್ಮಂಥವರ ಎಟುಕಿಗೆ ಬಾರದು. ಹೆದ್ದಾರಿಯ ಆಚೆ ಬದಿಯ ತೋಟದಿಂದ ಇದೇ ಮನೆಯವರು ಮಾಡುವ ಕೂದೂಲೆ ಎಂಬ ವೈನ್ ಬಹಳ ಅಗ್ಗ, ಬೇಗ ಕುಡಿಯಲೂ ಬರುತ್ತದೆ. ಮುಂದಿನ ದಸರೆಗೆ ಅದನ್ನೇ ಎರಡು ಬಾಟಲಿ ತರಲು ಹುಡುಗನಿಗೆ ಹೇಳಿದ್ದೇನೆ.