ತುಮಕೂರಿನಲ್ಲಿ ಆನ್‌ಲೈನ್ ಅಂಗಡಿಗೆ ಫೋಟೋ ತೆಗೆಸಿದ್ದು: ಕೊಬ್ಬರಿ, ಎಣ್ಣೆ, ಚಟ್ನಿಪುಡಿ

ತಿಂಡಿ ತಿನಿಸು, ಎಣ್ಣೆ, ಪುಡಿ ಇಂಥದ್ದನ್ನು ಮನೆಯಿಂದ ಆನ್‌ಲೈನ್‌ನಲ್ಲಿ ಮಾರುವವರು ಒಳ್ಳೆ ಫೋಟೋ ಬೇಕು ಅಂತ ಬೆಂಗಳೂರಿಗೆ ಓಡಬೇಕಿಲ್ಲ. ತುಮಕೂರಿನಲ್ಲೇ ಆಗುತ್ತೆ, ಅದೂ ಚೆನ್ನಾಗಿಯೇ ಆಗುತ್ತೆ. ನಾನು ತೆಗೆಸಿದ್ದು ಬಿ.ಎಚ್. ರಸ್ತೆಯಿಂದ ಒಳಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ, ಮೊದಲ ಮಹಡಿಯ ಒಂದು ಸಣ್ಣ ಸ್ಟುಡಿಯೋದಲ್ಲಿ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಗಂಡ ಫೋಟೋ ತೆಗೆಯುತ್ತಾರೆ, ಹೆಂಡತಿ ಎಡಿಟಿಂಗ್ ಮಾಡುತ್ತಾರೆ. ಮುಖ್ಯ ಕೆಲಸ ಮದುವೆ, ನಾಮಕರಣ. ಪರಿಚಯದವರ ಕೆಲಸವೇ ಕೈತುಂಬ ಇದೆ, ಹೆಸರು ಹಾಕಬೇಡಿ ಅಂದರು, ಹಾಗಾಗಿ ಹಾಕುತ್ತಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅವರು ಕೆಲಸ ಮಾಡುವ ರೀತಿ ಗೊತ್ತಾದರೆ ನಿಮ್ಮ ಊರಿನ ಯಾವ ಸ್ಟುಡಿಯೋಗೆ ಹೋದರೂ ಏನು ಕೇಳಬೇಕು, ಏನು ಬೇಡ ಅನ್ನಬೇಕು ಅಂತ ತಿಳಿಯುತ್ತೆ.

ನಮ್ಮದು ತಿಪಟೂರು ಕಡೆಯ ತೋಟ. ಮಾರುವುದು ಉಂಡೆ ಕೊಬ್ಬರಿ, ಗಾಣದ ಕೊಬ್ಬರಿ ಎಣ್ಣೆ, ಅತ್ತೆ ಮಾಡುವ ಚಟ್ನಿಪುಡಿ. ಇವುಗಳಲ್ಲಿ ಪೈಪೋಟಿ ಹೇಗಿದೆ ಅಂತ ನೋಡಬೇಕಾದರೆ ಫೋನ್‌ನಲ್ಲಿ ಕೊಬ್ಬರಿ ಎಣ್ಣೆ ಅಂತ ಹುಡುಕಿ. ಬಾಟಲಿ, ಪಕ್ಕದಲ್ಲಿ ಒಡೆದ ಎರಡು ತೆಂಗಿನ ಹೋಳು, ಹಿಂದೆ ಹಸಿರು ಗರಿ, ಮೇಲಿಂದ ಕಂಪ್ಯೂಟರ್‌ನಲ್ಲಿ ಮಾಡಿದ ಎಣ್ಣೆ ಚಿಮ್ಮುವ ಚಿತ್ರ. ಕೆಳಗೆ ಸ್ಕ್ರೋಲ್ ಮಾಡಿದಷ್ಟೂ ಅದೇ. ಯಾವುದು ಯಾರದ್ದು ಅಂತಲೇ ಗೊತ್ತಾಗುವುದಿಲ್ಲ, ಕೊನೆಗೆ ಜನ ಬೆಲೆ ನೋಡಿ ಕಡಿಮೆ ಇರುವುದನ್ನು ಒತ್ತುತ್ತಾರೆ. ಒಂದು ವರ್ಷ ಅಟ್ಟದ ಮೇಲೆ ಕಾಯಿ ಒಣಗಿಸಿ ಕೊಬ್ಬರಿ ಮಾಡಿದವರಿಗೆ ಇದು ಹೊಟ್ಟೆ ಉರಿಯುವ ವಿಷಯ, ಅಲ್ವಾ?

ಸ್ಟುಡಿಯೋದಲ್ಲಿ ನನಗೆ ಮೊದಲು ಇಷ್ಟವಾದದ್ದು ಅವರು ಕ್ಯಾಮೆರಾ ತೆಗೆಯಲೇ ಇಲ್ಲ. ಕೂರಿಸಿ ಒಂದು ಪ್ರಶ್ನೆ ಕೇಳಿದರು. "ಅಕ್ಕಾ, ಗಿರಾಕಿಗಳು ನಿಮಗೆ ಫೋನ್ ಮಾಡಿ ಏನೇನು ಕೇಳ್ತಾರೆ? ಅದನ್ನ ಹೇಳಿ." ಹೇಳುತ್ತಾ ಹೋದೆ, ಅವರ ಹೆಂಡತಿ ಬರೆದುಕೊಂಡರು. ಕೊಬ್ಬರಿ ಎಷ್ಟು ದಪ್ಪ ಇದೆ? ಒಳಗೆ ಬೆಳ್ಳಗಿದೆಯಾ, ಬೂಷ್ಟು ಹಿಡಿದಿರುತ್ತಾ? ಬಾಟಲಿ ಗಾಜಿಂದಾ ಪ್ಲಾಸ್ಟಿಕ್ಕಾ? ಎಣ್ಣೆ ಯಾಕೆ ಗಟ್ಟಿಯಾಗಿದೆ, ಏನಾದರೂ ಬೆರೆಸಿದ್ದೀರಾ? ಚಟ್ನಿಪುಡಿ ನುಣ್ಣಗಿದೆಯಾ ತರಿತರಿಯಾ? ಇಷ್ಟು ಆದ ಮೇಲೆ ಅವರು ಹೇಳಿದ್ದು, ಒಂದೊಂದು ಪ್ರಶ್ನೆಗೂ ಒಂದೊಂದು ಫೋಟೋ ತೆಗೆಯೋಣ, ಬೇರೆ ಅಲಂಕಾರ ಏನೂ ಬೇಡ. ಬೇರೆಯವರ ಫೋಟೋ ಪಕ್ಕದಲ್ಲಿ ನಮ್ಮದು ಎದ್ದು ಕಾಣಬೇಕಾದರೆ ಬಣ್ಣ ಜಾಸ್ತಿ ಮಾಡುವುದಲ್ಲ, ಬೇರೆಯವರು ತೋರಿಸದೆ ಬಿಟ್ಟಿದ್ದನ್ನು ತೋರಿಸುವುದು. ನನಗೆ ಈ ಮಾತು ನೂರಕ್ಕೆ ನೂರು ಸರಿ ಅನ್ನಿಸಿತು, ಈಗಲೂ ಅನ್ನಿಸುತ್ತೆ.

ಕೊಬ್ಬರಿ ತೆಗೆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉಂಡೆ ಕೊಬ್ಬರಿಯ ಹೊರಗಿನ ಸಿಪ್ಪೆ ಕಂದು ಬಣ್ಣ, ಮೇಲೆ ಸಣ್ಣ ಸಣ್ಣ ಸುಕ್ಕು. ಎದುರಿನಿಂದ ಬೆಳಕು ಬಿಟ್ಟರೆ ಸುಕ್ಕೆಲ್ಲ ಮಾಯ, ಸುಮ್ನೆ ಒಂದು ಕಂದು ಚೆಂಡು ಇಟ್ಟ ಹಾಗೆ ಕಾಣುತ್ತೆ. ಅವರು ಒಂದೇ ಲೈಟ್ ಇಟ್ಟುಕೊಂಡು ಅದನ್ನು ಪಕ್ಕಕ್ಕೆ, ಹೆಚ್ಚುಕಡಿಮೆ ಟೇಬಲ್ ಮಟ್ಟಕ್ಕೆ ಇಳಿಸಿದರು. ಇನ್ನೊಂದು ಪಕ್ಕಕ್ಕೆ ಬಿಳಿ ಥರ್ಮೋಕೋಲ್ ಹಲಗೆ. ತಕ್ಷಣ ಒಂದೊಂದು ಗೆರೆಯೂ ಎದ್ದು ಬಂತು, ಕೈಯಲ್ಲಿ ಮುಟ್ಟಿದಷ್ಟು ಸ್ಪಷ್ಟ. ಒಳಗಿನ ಬಿಳುಪು ತೋರಿಸಲು ಅಲ್ಲೇ ಮಚ್ಚಿನಲ್ಲಿ ಹೋಳು ಮಾಡಿಸಿದರು. ಮನೆಯಿಂದ ಕತ್ತರಿಸಿಕೊಂಡು ತರಬೇಡಿ ಅಂತ ಮೊದಲೇ ಹೇಳಿದ್ದರು. ಕತ್ತರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಅಂಚಿನಲ್ಲಿ ಎಣ್ಣೆ ಜಿನುಗಿ ಹೊಳೆಯುತ್ತೆ, ಫೋಟೋದಲ್ಲಿ ಅದು ಒದ್ದೆಯಾದ ಹಾಗೆ, ಹಳೆಯದಾದ ಹಾಗೆ ಕಾಣುತ್ತೆ.

ಗಾತ್ರ ತೋರಿಸುವ ಫೋಟೋಗೆ ಸ್ಕೇಲ್ ಇಡಬಹುದಿತ್ತು. ಅವರು ಅತ್ತೆಯ ಅಂಗೈ ಕೇಳಿದರು. "ನನ್ನ ಕೈ ಒರಟು ಕಣಪ್ಪಾ, ಇವಳು ಹಿಡ್ಕೊಳ್ಳಲಿ ಬಿಡು" ಅಂದರು ಅತ್ತೆ. "ಇಲ್ಲಮ್ಮ, ಕೊಬ್ಬರಿ ಸುಲಿದಿರೋ ಕೈನೇ ಬೇಕು" ಅಂದರು ಅವರು. ಹಸಿರು ಗಾಜಿನ ಬಳೆ, ಉಗುರಿನ ಸಂದಿಯಲ್ಲಿ ನಾರಿನ ಕಂದು, ಅಂಗೈ ತುಂಬ ಒಂದು ಉಂಡೆ ಕೊಬ್ಬರಿ. ನಮ್ಮ ಎಲ್ಲ ಫೋಟೋಗಳಲ್ಲಿ ಜನ ಜಾಸ್ತಿ ಮಾತಾಡುವುದು ಇದರ ಬಗ್ಗೆಯೇ. ಗಾತ್ರ ಎಷ್ಟು ಅಂತ ಕೇಳುವುದು ನಿಂತೇ ಹೋಯಿತು.

ಅಮೆಜಾನ್‌ಗೆ ಹಾಕುವವರು ಒಂದು ವಿಷಯ ತಿಳಿದಿರಬೇಕು. ಮೊದಲ ಫೋಟೋಗೆ ಅಲ್ಲಿ ಕಟ್ಟುನಿಟ್ಟಿನ ನಿಯಮ ಇದೆ. ಹಿನ್ನೆಲೆ ಪೂರ್ತಿ ಬಿಳಿ ಇರಬೇಕು, ಅಂದರೆ ಕಂಪ್ಯೂಟರ್ ಬಣ್ಣದ ಲೆಕ್ಕದಲ್ಲಿ ಕೆಂಪು, ಹಸಿರು, ನೀಲಿ ಮೂರೂ 255. ವಸ್ತು ಚೌಕಟ್ಟಿನ 85 ಪರ್ಸೆಂಟ್ ಜಾಗ ತುಂಬಿರಬೇಕು. ಅಕ್ಷರ, ಲೋಗೋ, ವಾಟರ್‌ಮಾರ್ಕ್ ಮೇಲೆ ಹಾಕುವಂತಿಲ್ಲ. ಉದ್ದದ ಬದಿ 1000 ಪಿಕ್ಸೆಲ್ ಆದರೂ ಇದ್ದರೆ ಗಿರಾಕಿ ಜೂಮ್ ಮಾಡಬಹುದು, 1600 ಇದ್ದರೆ ಇನ್ನೂ ಒಳ್ಳೆಯದು. ಇದೆಲ್ಲ ಅವರಿಗೆ ಗೊತ್ತಿತ್ತು, ನಾನು ಹೇಳಿಕೊಡಬೇಕಾಗಲಿಲ್ಲ. ಆದರೆ ಎಲ್ಲರದ್ದೂ ಬಿಳಿ ಹಿನ್ನೆಲೆ ಆದ ಮೇಲೆ ನಮ್ಮದು ಹೇಗೆ ಬೇರೆ ಕಾಣಬೇಕು? ಅದಕ್ಕೆ ಅವರು ಮಾಡಿದ ಕೆಲಸ ನೋಡಿ ಖುಷಿಯಾಯಿತು. ಹುಡುಕಾಟದ ಪುಟದ ಸ್ಕ್ರೀನ್‌ಶಾಟ್ ತೆಗೆದು, ಬೇರೆ ಬ್ರ್ಯಾಂಡ್‌ಗಳ ಮಧ್ಯೆ ನಮ್ಮ ಫೋಟೋವನ್ನು ಅಂಟಿಸಿ, ಫೋನ್‌ನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಸಣ್ಣದು ಮಾಡಿ ನನ್ನ ಕೈಗೆ ಕೊಟ್ಟರು. ಎದುರಿನಿಂದ ನೇರ ತೆಗೆದದ್ದು ಗುಂಪಿನಲ್ಲಿ ಕಳೆದುಹೋಗಿತ್ತು. ಸ್ವಲ್ಪ ಮೇಲಿಂದ, ಹೋಳಿನ ಬಿಳಿ ಬಟ್ಟಲು ನಮ್ಮ ಕಡೆ ತಿರುಗಿರುವಂತೆ, ಕೆಳಗೆ ಮೆತ್ತನೆ ನೆರಳು ಉಳಿಸಿಕೊಂಡು ತೆಗೆದದ್ದು ತಟ್ಟನೆ ಕಣ್ಣಿಗೆ ಬಿತ್ತು. ದೊಡ್ಡ ಮಾನಿಟರ್‌ನಲ್ಲಿ ನೋಡಿದಾಗ ಈ ವ್ಯತ್ಯಾಸ ತಿಳಿದೇ ಇರಲಿಲ್ಲ. ನೀವು ಯಾರ ಹತ್ತಿರ ತೆಗೆಸಿದರೂ ಈ ಪರೀಕ್ಷೆ ಮಾಡಿಸಿ, ದುಡ್ಡು ಕೊಡುವ ಮುಂಚೆ.

ಎಣ್ಣೆ ಬಾಟಲಿ ಕಷ್ಟದ ಕೆಲಸ. ಗಾಜು ಅಂದರೆ ಕೋಣೆಯಲ್ಲಿ ಇರುವುದೆಲ್ಲ ಅದರಲ್ಲಿ ಕಾಣುತ್ತೆ, ಕಿಟಕಿ, ಲೈಟು, ಕ್ಯಾಮೆರಾ ಹಿಡಿದವರು ಕೂಡ. ಹಿಂದಿನಿಂದ ಬಿಳಿ ಹಾಳೆಯ ಮೂಲಕ ಬೆಳಕು ಬಿಟ್ಟು, ಎರಡೂ ಪಕ್ಕ ಫೋಟೋದಲ್ಲಿ ಬೀಳದ ಹಾಗೆ ಕಪ್ಪು ರಟ್ಟಿನ ಪಟ್ಟಿ ನಿಲ್ಲಿಸಿದರು. ಆ ಕಪ್ಪು ಗಾಜಿನ ಅಂಚಿನಲ್ಲಿ ತೆಳುವಾದ ಗೆರೆಯಾಗಿ ಬಂದು ಬಾಟಲಿಯ ಆಕಾರ ಬಿಡಿಸಿ ತೋರಿಸುತ್ತೆ. ಇಲ್ಲದಿದ್ದರೆ ಬಿಳಿಯಲ್ಲಿ ಬಿಳಿ ಬೆರೆತು ಹೋಗುತ್ತೆ. ನಾವು ಹೋದದ್ದು ಡಿಸೆಂಬರ್‌ನಲ್ಲಿ, ಸಂಕ್ರಾಂತಿ ವ್ಯಾಪಾರದ ಮುಂಚೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತೆ, ತುಮಕೂರಿನ ಡಿಸೆಂಬರ್ ಬೆಳಗ್ಗೆ ಅಂದರೆ ಕೇಳಬೇಕಾ? ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟು ಕರಗಿಸಿ ತೆಗೆದರು. ಆಮೇಲೆ ಅವರೇ, ಗಟ್ಟಿಯಾದದ್ದನ್ನೂ ತೆಗೆಯೋಣ ಅಂದರು. ಒಂದೇ ಬಾಟಲಿಯಲ್ಲಿ ಕೆಳಗೆ ಬೆಳ್ಳಗೆ ಹೆಪ್ಪುಗಟ್ಟಿದ್ದು, ಮೇಲೆ ತಿಳಿಯಾಗಿ ಕರಗಿದ್ದು. ಎಣ್ಣೆ ಮಾರುವವರು ಇಂಥ ಫೋಟೋ ಸಾಮಾನ್ಯವಾಗಿ ಹಾಕುವುದಿಲ್ಲ, ಚಳಿಗಾಲದಲ್ಲಿ ಎಲ್ಲರಿಗೂ ಬರುವ ದೂರು ಮಾತ್ರ ಇದೇ. ಈಗ ಚಳಿಗಾಲದಲ್ಲಿ ಯಾರಾದರೂ ಕೇಳಿದರೆ ನಾನು ಅದೊಂದು ಫೋಟೋ ಕಳಿಸುತ್ತೇನೆ, ಮಾತು ಮುಗಿಯುತ್ತೆ.

ಇನ್ನು ಸರಿಯಾಗದ್ದನ್ನೂ ಹೇಳಬೇಕು. ಚಟ್ನಿಪುಡಿಯ ಪೌಚ್ ಬೆಳ್ಳಿ ಬಣ್ಣದ್ದು, ಹೊಳೆಯುತ್ತೆ. ಅದನ್ನು ಅವರ ಕೈಲಿ ಚೆನ್ನಾಗಿ ತೆಗೆಯಲು ಆಗಲಿಲ್ಲ. ಲೋಹದ ಹೊಳಪಿಗೆ ಲೆನ್ಸ್ ಮುಂದೆ ಫಿಲ್ಟರ್ ಹಾಕಿದರೂ ಅಷ್ಟೇನೂ ಪ್ರಯೋಜನ ಇಲ್ಲ ಅಂತ ಅವರೇ ಒಪ್ಪಿಕೊಂಡು, ಮುಂದಿನ ಸಲ ಹೊಳಪಿಲ್ಲದ ಪೌಚ್ ಮಾಡಿಸಿ ಅಂದರು. ಸಲಹೆ ಸರಿ, ಆದರೆ ಮನೆಯಲ್ಲಿ ಹಳೆ ಪೌಚ್ ಕಟ್ಟುಗಟ್ಟಲೆ ಇದೆ. ಪುಡಿಯ ಬಣ್ಣದಲ್ಲೂ ಒಂದು ಗಲಾಟೆ ಆಯಿತು. ಬ್ಯಾಡಗಿ ಮೆಣಸಿನಕಾಯಿ ಹಾಕಿದ ಪುಡಿ, ಬಣ್ಣ ಚೆನ್ನಾಗಿಯೇ ಇರುತ್ತೆ. ಎಡಿಟಿಂಗ್‌ನಲ್ಲಿ ಅದನ್ನು ಕುಂಕುಮದ ಹತ್ತಿರ ತಂದುಬಿಟ್ಟಿದ್ದರು. ಮದುವೆ ಆಲ್ಬಂಗೆ ಅದು ನಡೆಯಬಹುದು, ಮಾರುವ ಪದಾರ್ಥಕ್ಕೆ ನಡೆಯುವುದಿಲ್ಲ. ಮನೆಗೆ ಬಂದ ಪುಡಿ ಫೋಟೋಗಿಂತ ಮಂಕಾಗಿದ್ದರೆ ಗಿರಾಕಿಗೆ ಮೋಸ ಆಯಿತು ಅನ್ನಿಸುತ್ತೆ, ರುಚಿ ನೋಡುವ ಮುಂಚೆಯೇ. ಪುಡಿಯ ಡಬ್ಬಿಯನ್ನು ಮಾನಿಟರ್ ಪಕ್ಕದಲ್ಲಿ ಇಟ್ಟು ಕೂತು ಸರಿ ಮಾಡಿಸಿದೆ. ಬೇಜಾರಿಲ್ಲದೆ ಮಾಡಿಕೊಟ್ಟರು. ಮೊದಲ ಫೋಟೋ ತೆಗೆಯುವಾಗ ಬಣ್ಣ ಸರಿಹೊಂದಿಸಲು ಬಳಸುವ ಒಂದು ಬೂದು ಕಾರ್ಡ್ ಇಟ್ಟು ತೆಗೆದುಕೊಂಡರೆ ಬಣ್ಣದ ಈ ಜಗಳವೇ ಕಡಿಮೆಯಾಗುತ್ತೆ, ನೀವು ಹೋದಾಗ ಕೇಳಿ ಇಡಿಸಿ.

ಇವರಿಗಿಂತ ಮೊದಲು ಆನ್‌ಲೈನ್‌ನಲ್ಲಿ ಸಿಕ್ಕ ಒಬ್ಬರಿಗೆ ಕೆಲಸ ಕೊಟ್ಟಿದ್ದೆ. ಸಾಮಾನು ಕಳಿಸುವುದೇ ಬೇಡ, ಫೋನ್‌ನಲ್ಲಿ ತೆಗೆದ ಒಂದು ಫೋಟೋ ಸಾಕು, ಎಐನಲ್ಲಿ ಹಿನ್ನೆಲೆ ಹಾಕಿಕೊಡುತ್ತೇವೆ ಅಂದಿದ್ದರು. ಬಂದ ಫೋಟೋ ದೂರದಿಂದ ಬಹಳ ಚೆಂದ. ಹತ್ತಿರ ನೋಡಿದರೆ ತಿಪಟೂರು ತೋಟದ ಎಣ್ಣೆಯ ಹಿಂದೆ ಕೇರಳದ ಹಿನ್ನೀರು, ದೋಣಿ. ಬಾಟಲಿಯ ನೆರಳು ಒಂದು ಕಡೆ, ಮರದ ನೆರಳು ಇನ್ನೊಂದು ಕಡೆ. ಲೇಬಲ್ ಮೇಲಿನ ಕನ್ನಡ ಅಕ್ಷರ ಯಾವ ಭಾಷೆಯೂ ಅಲ್ಲದ ಹಾಗೆ ಸುರುಳಿ ಸುತ್ತಿಕೊಂಡಿತ್ತು. ಇದಕ್ಕಿಂತ ಗಂಭೀರ ಏನಂದರೆ ಆಹಾರ ಮಾರಲು ಬೇಕಾದ ಎಫ್‌ಎಸ್‌ಎಸ್‌ಎಐ ಲೈಸೆನ್ಸ್‌ನ 14 ಅಂಕಿಯ ನಂಬರೇ ಬದಲಾಗಿತ್ತು. ತಿನ್ನುವ ಪದಾರ್ಥಕ್ಕೆ ತಪ್ಪು ಲೈಸೆನ್ಸ್ ನಂಬರ್ ಹಾಕಿ ಮಾರಲು ಆಗುತ್ತಾ? ಎಂಆರ್‌ಪಿ, ನಿವ್ವಳ ತೂಕ, ತಯಾರಕರ ವಿಳಾಸ ಇವೆಲ್ಲ ಆನ್‌ಲೈನ್ ಮಾರಾಟದಲ್ಲೂ ಗಿರಾಕಿಗೆ ಕಾಣಬೇಕು ಅಂತ 2018ರ ಜನವರಿ 1ರಿಂದ ಕಾನೂನೇ ಇದೆ. ಎಐ ಬೇಕಾದರೆ ಹಬ್ಬದ ಶುಭಾಶಯದ ಪೋಸ್ಟರ್‌ಗೆ ಬಳಸಿ. ಲೇಬಲ್ ಇರುವ ಪದಾರ್ಥದ ಹತ್ತಿರ ಬಿಡಬೇಡಿ. ತುಮಕೂರಿನ ಇವರು ಹಿಂಬದಿ ಲೇಬಲ್ಲನ್ನೇ ಬೇರೆ ಫೋಟೋ ಮಾಡಿ, ಒಂದೊಂದು ಅಕ್ಷರ ಓದುವ ಹಾಗೆ ಕೊಟ್ಟರು.

ದರದ ವಿಷಯ. ಒಂದು ಫೋಟೋಗೆ 250 ರೂಪಾಯಿ ತೆಗೆದುಕೊಂಡರು, ಎಡಿಟಿಂಗ್ ಸೇರಿ. ಬಿಳಿ ಹಿನ್ನೆಲೆಯದ್ದು, ಇನ್‌ಸ್ಟಾಗ್ರಾಂಗೆ ಚೌಕದ್ದು, ವಾಟ್ಸಾಪ್ ಕ್ಯಾಟಲಾಗ್‌ಗೆ ಸಣ್ಣದು ಅಂತ ಬೇರೆ ಬೇರೆ ಅಳತೆಗೆ ಜಾಸ್ತಿ ಕೇಳಲಿಲ್ಲ. ಮೂಲ ಫೈಲ್ ಕೊಡುವುದಿಲ್ಲ, ಅದು ನನಗೆ ಸರಿ ಅನ್ನಿಸಲಿಲ್ಲ. ಜಿಎಸ್‌ಟಿ ಬಿಲ್ ಇಲ್ಲ. ಲಿಫ್ಟ್ ಇಲ್ಲ, ಕಡಿದಾದ ಮೆಟ್ಟಿಲು, ಕೊಬ್ಬರಿ ಚೀಲ ಹೊತ್ತು ಹತ್ತಬೇಕು. ತಟ್ಟೆ, ಬಟ್ಟಲು, ಬಾಳೆಎಲೆ, ಬಟ್ಟೆ ಏನೂ ಅವರಲ್ಲಿ ಇರುವುದಿಲ್ಲ, ಎಲ್ಲ ನಾವೇ ಒಯ್ಯಬೇಕು. ಮದುವೆ ಸೀಸನ್‌ನಲ್ಲಿ ಫೋನ್ ಎತ್ತುವುದೇ ಕಷ್ಟ. ಹೇಳಿದ ದಿನಕ್ಕೆ ಫೋಟೋ ಕೈಗೆ ಬರಲಿಲ್ಲ, ನೆನಪಿಸಿ ನೆನಪಿಸಿ ತೆಗೆದುಕೊಳ್ಳಬೇಕಾಯಿತು.

ಅಷ್ಟೂ ದುಡ್ಡು ಈಗ ಹಾಕಲು ಆಗದವರು ಮನೆಯಲ್ಲೇ ಶುರು ಮಾಡಿ. ಸಾಮಾನನ್ನು ಒಳಗಿಟ್ಟು ಫೋಟೋ ತೆಗೆಯುವ, ಮಡಚುವ ಬಿಳಿ ಲೈಟ್ ಬಾಕ್ಸ್ ಆನ್‌ಲೈನ್‌ನಲ್ಲಿ ಸಿಗುತ್ತೆ, ನಾನೂ ತಂದು ನೋಡಿದ್ದೇನೆ. ಸಣ್ಣ ಸಾಮಾನಿಗೆ ಪರವಾಗಿಲ್ಲ, ಗಾಜಿನ ಬಾಟಲಿಗೆ ಬೇಡವೇ ಬೇಡ, ಒಳಗಿನ ಎಲ್‌ಇಡಿ ಪಟ್ಟಿಯ ಸಾಲು ಪೂರ್ತಿ ಗಾಜಿನ ಮೇಲೆ ಕಾಣುತ್ತೆ. ಅಗ್ಗದ ಎಲ್‌ಇಡಿಯಲ್ಲಿ ಕೊಬ್ಬರಿಯ ಬಿಳುಪು ಹಸಿರು ಮಿಶ್ರ ಆದ ಹಾಗೆ ಬರುತ್ತೆ. ಅದಕ್ಕಿಂತ ನೇರ ಬಿಸಿಲು ಬೀಳದ ಕಿಟಕಿ ಪಕ್ಕ ಟೇಬಲ್ ಹಾಕಿ, ಎದುರು ಬದಿಗೆ ಥರ್ಮೋಕೋಲ್ ನಿಲ್ಲಿಸಿ, ಮನೆಯ ಬಲ್ಬ್ ಎಲ್ಲ ಆರಿಸಿ. ಫೋನ್ ಹತ್ತಿರ ಹಿಡಿಯಬೇಡಿ. ಹಿಂದೆ ಸರಿದು 2ಎಕ್ಸ್ ಜೂಮ್‌ನಲ್ಲಿ ತೆಗೆಯಿರಿ, ಬಾಟಲಿಯ ಆಕಾರ ಸೊಟ್ಟ ಬರುವುದಿಲ್ಲ. ಸ್ಟ್ಯಾಂಡ್ ಇರಲಿ. ಆದರೆ ಗಾಜು, ಸ್ಟೀಲು ಇದ್ದರೆ ಸ್ಟುಡಿಯೋಗೇ ಹೋಗಿ, ಮನೆಯಲ್ಲಿ ಸಮಯ ಕಳೆಯುವುದು ವ್ಯರ್ಥ.

ಸೀರೆ, ಬಟ್ಟೆ ಮಾರುವವರಿಗೆ ಈ ಸ್ಟುಡಿಯೋ ಆಗುವುದಿಲ್ಲ, ಜಾಗ ಸಾಲದು, ಉಟ್ಟು ತೋರಿಸುವವರ ವ್ಯವಸ್ಥೆಯೂ ಇಲ್ಲ. ಬೆಲ್ಲ, ಹುಣಸೆಹಣ್ಣು, ಹಪ್ಪಳ, ಉಪ್ಪಿನಕಾಯಿ, ರಾಗಿ ಹುರಿಹಿಟ್ಟು ಇಂಥದ್ದಕ್ಕೆ ಇಂಥ ಸಣ್ಣ ಸ್ಟುಡಿಯೋಗೆ ಕಣ್ಣು ಮುಚ್ಚಿಕೊಂಡು ಹೋಗಬಹುದು. ನಾವು ಎಳ್ಳು ಬೆಲ್ಲಕ್ಕೆ ಸಣ್ಣಗೆ ಹೆಚ್ಚಿದ ಕೊಬ್ಬರಿ ಪ್ಯಾಕ್ ಶುರು ಮಾಡುತ್ತಿದ್ದೇವೆ, ಅದರ ಫೋಟೋಗೂ ಅವರನ್ನೇ ಕೇಳಿದ್ದೇನೆ. ಕಾರ್ತಿಕದ ಮದುವೆಗಳು ಶುರುವಾಗುವ ಮುಂಚೆ ಬನ್ನಿ ಅಂದಿದ್ದಾರೆ. ಪೌಚ್ ಈ ಸಲ ಹೊಳಪಿಲ್ಲದ್ದು, ಆರ್ಡರ್ ಕೊಟ್ಟಾಗಿದೆ.