ಬೆಂಗಳೂರು–ಜೋಗ ಕೆಎಸ್ಸಾರ್ಟಿಸಿ ಪ್ರವಾಸ: ಕೊಟ್ಟ ದುಡ್ಡಿಗೆ ಬೆಲೆ ಬರುವುದು ಜೋಗಕ್ಕಿಂತ ಮೊದಲೇ

ಜೋಗವನ್ನಷ್ಟೇ ನೋಡಬೇಕು ಎನ್ನುವವರಿಗೆ ಈ ಪ್ಯಾಕೇಜ್ ಬೇಕಿಲ್ಲ. ಮೆಜೆಸ್ಟಿಕ್‌ನಿಂದ ಸಾಗರಕ್ಕೆ ರಾತ್ರಿ ಬಸ್ಸುಗಳಿವೆ, ಅಲ್ಲಿಂದ ಜೋಗ ಸುಮಾರು 30 ಕಿ.ಮೀ., ಅದಕ್ಕೂ ಬಸ್ಸು ಸಿಗುತ್ತದೆ. ಕೆಎಸ್ಸಾರ್ಟಿಸಿ ಮಳೆಗಾಲದ ವಾರಾಂತ್ಯಗಳಲ್ಲಿ ಓಡಿಸುವ ಈ ಪ್ರವಾಸದ ನಿಜವಾದ ಲಾಭವೆಂದರೆ ಶ್ರೀಧರಾಶ್ರಮವಿರುವ ವರದಹಳ್ಳಿ, ಹಳೆಯ ಗುಡಿಗಳ ಇಕ್ಕೇರಿ, ಕೆಳದಿ. ಮೂರೂ ಸಾಗರದ ಮಗ್ಗುಲಲ್ಲೇ ಇದ್ದರೂ ದಿಕ್ಕು ಬೇರೆ ಬೇರೆ. ಸ್ವಂತ ಗಾಡಿ ಇಲ್ಲದವರು ಮೂರನ್ನೂ ನೋಡಿ ಜೋಗಕ್ಕೂ ಹೋಗಿ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ.

ಬಸ್ಸು ರಾತ್ರಿ ಹತ್ತೂವರೆಯ ಸುಮಾರಿಗೆ ಹೊರಟು ತುಮಕೂರು, ಅರಸೀಕೆರೆ, ಕಡೂರು, ಶಿವಮೊಗ್ಗದ ಮೇಲೆ ಬೆಳಗಿನ ಜಾವಕ್ಕೆ ಸಾಗರ ಮುಟ್ಟುತ್ತದೆ. ಮುಖ ತೊಳೆದು ಬಟ್ಟೆ ಬದಲಿಸಲು ಲಾಡ್ಜ್ ವ್ಯವಸ್ಥೆ ಇರುತ್ತದೆ. ಆದರೆ ಬಸ್ಸಿನವರೆಲ್ಲ ಒಟ್ಟಿಗೆ ಇಳಿಯುವುದರಿಂದ ಬಿಸಿನೀರಿಗೆ ಸರತಿ ತಪ್ಪದು. ಟವೆಲು, ಬಟ್ಟೆ ದೊಡ್ಡ ಬ್ಯಾಗಿನ ತಳದಲ್ಲಿರದೆ ಕೈಗೆ ಸಿಗುವಂತಿರಲಿ. ಬರ್ತ್ ಆರಿಸುವಾಗ ಕೆಳಗಿನದು, ಬಸ್ಸಿನ ನಡುಭಾಗದ್ದು ನೋಡಿ: ಹಿಂದಿನ ಚಕ್ರದಿಂದಾಚೆಗಿನ ಬರ್ತ್‌ಗಳಲ್ಲಿ ಪ್ರತಿ ಹಂಪ್‌ಗೂ ಮೈ ಎಗರುತ್ತದೆ. ಹಗಲೂ ಸ್ಲೀಪರ್ ಬಸ್ಸಿನಲ್ಲೇ ಸುತ್ತುವುದಾದರೆ ಮೇಲಿನ ಬರ್ತ್‌ನವರು ಕತ್ತು ಬಗ್ಗಿಸಿಯೇ ಮಲೆನಾಡು ನೋಡಬೇಕು.

ಇಕ್ಕೇರಿಯಲ್ಲಿ ಹೆಚ್ಚಿನವರು ಅಘೋರೇಶ್ವರನಿಗೆ ಕೈ ಮುಗಿದು, ಎದುರಿನ ದೊಡ್ಡ ನಂದಿಯ ಫೋಟೊ ತೆಗೆದು ಬಸ್ಸಿಗೆ ಹಿಂತಿರುಗುತ್ತಾರೆ. ನೆಲ ನೋಡುವುದೇ ಇಲ್ಲ. ಸಾಷ್ಟಾಂಗ ಬಿದ್ದಿರುವ ಮೂವರು ಕೆಳದಿ ಅರಸರ ರೂಪಗಳನ್ನು ನೆಲದಲ್ಲಿ ಕೆತ್ತಿದ್ದಾರೆ, ಅದರಲ್ಲೊಬ್ಬನಿಗೆ ಸಂಕೋಲೆ. ಕೆಳದಿಯಲ್ಲಿ ತಲೆ ಮೇಲೆತ್ತಬೇಕು: ವೀರಭದ್ರ ಗುಡಿಯ ಒಳಮಾಳಿಗೆಯಲ್ಲಿ ಗಂಡಭೇರುಂಡವಿದೆ. ಮಳೆಗಾಲದಲ್ಲಿ ಒಳಗೆ ಬೆಳಕು ಕಡಿಮೆ, ಒಂದು ಟಾರ್ಚ್ ಇದ್ದರೆ ವಾಸಿ. ನಿರ್ವಾಹಕರು ಗೈಡ್ ಅಲ್ಲ, ಹತ್ತಿದವರನ್ನು ಎಣಿಸುವುದೇ ಅವರ ಕೆಲಸ. ಕೆಳದಿ, ಇಕ್ಕೇರಿ, ಬಿದನೂರು ಎಂದು ರಾಜಧಾನಿ ಬದಲಾದ ಕಥೆಯನ್ನು ಓದಿಕೊಂಡು ಹೋದವರಿಗೆ ಎರಡೂ ಗುಡಿ ಬೇರೆಯೇ ಕಾಣುತ್ತವೆ.

ಜೋಗದ ವಿಷಯದಲ್ಲಿ ಎಲ್ಲರೂ ಎಡವುವುದು ನೀರಿನ ಲೆಕ್ಕದಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಶರಾವತಿಯ ನೀರು ಮೊದಲು ವಿದ್ಯುತ್ತಿಗೆ, ಆಮೇಲೆ ಜಲಪಾತಕ್ಕೆ. ಅಣೆಕಟ್ಟಿನ ಕೆಳಗಿನ ಹಳ್ಳಗಳ ನೀರು ಮಳೆ ಇರುವಷ್ಟು ದಿನ ಬರುತ್ತದೆ, ಮಳೆ ನಿಂತರೆ ಕೆಲವೇ ದಿನಗಳಲ್ಲಿ ಬಂಡೆ ಕಾಣುತ್ತದೆ. ಆದ್ದರಿಂದ ಟಿಕೆಟ್ ತೆಗೆಯುವ ಮುನ್ನ ಸಾಗರದ ಮಳೆ, ಲಿಂಗನಮಕ್ಕಿಯ ಮಟ್ಟ ಎರಡನ್ನೂ ಪತ್ರಿಕೆಯಲ್ಲಿ ನೋಡಿ. ಗರಿಷ್ಠ ಮಟ್ಟ 1819 ಅಡಿ. ಅದರ ಸಮೀಪ ಹೋದಾಗಲೇ ಗೇಟು ತೆಗೆಯುವ ಮಾತು. ಹಾಗಂತ ಗೇಟು ಪೂರ್ತಿ ತೆಗೆದ ದಿನವೇ ಹೋಗಬೇಕೆಂದೂ ಇಲ್ಲ. ಆಗ ರಾಜ, ರಾಣಿ, ರೋರರ್, ರಾಕೆಟ್ ಗುರುತೇ ಸಿಗದಂತೆ ಒಂದಾಗಿ, ಎದ್ದ ತುಂತುರಿನಲ್ಲಿ 253 ಮೀಟರಿನ ಕಣಿವೆಯೇ ಮುಚ್ಚಿಹೋಗುತ್ತದೆ. ನಾಲ್ಕೂ ಬೇರೆ ಬೇರೆ ಕಾಣಬೇಕಾದರೆ ಆಗಸ್ಟ್ ಕೊನೆ, ಸೆಪ್ಟೆಂಬರ್ ಒಳ್ಳೆಯದು.

ಮಂಜು ಕವಿದಿದ್ದರೆ ಕಟಕಟೆ ಬಿಟ್ಟು ಅಂಗಡಿ ಕಡೆ ಹೋಗಬೇಡಿ. ಗಾಳಿ ತಿರುಗಿದರೆ ತೆರೆ ಒಮ್ಮೆಲೇ ಸರಿಯುತ್ತದೆ, ಮರುಕ್ಷಣ ಮುಚ್ಚಿದರೂ ಮುಚ್ಚಿತು. ಆ ಗಾಳಿಗೆ ಕೊಡೆ ಮಗುಚುವುದು ಖಂಡಿತ, ಹಾಗಾಗಿ ರೈನ್‌ಕೋಟ್ ಒಯ್ಯಿರಿ. ಕಣಿವೆಯ ತಳಕ್ಕೆ ಸುಮಾರು 1,400 ಮೆಟ್ಟಿಲು. ಮಳೆ ಜೋರಿದ್ದಾಗ ಬಿಡುವುದಿಲ್ಲ. ಬಿಟ್ಟರೂ ಇಳಿಯುವ ಮೊದಲು ಬಸ್ಸು ಹೊರಡುವ ಹೊತ್ತನ್ನು ನಿರ್ವಾಹಕರಿಂದ ಕೇಳಿಕೊಳ್ಳಿ. ಇಳಿದದ್ದಕ್ಕಿಂತ ಹತ್ತಲು ಎರಡರಷ್ಟು ಸಮಯ ಹಿಡಿಯುತ್ತದೆ, ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಚಪ್ಪಲಿ ನಿಲ್ಲದು. ಮೊಣಕಾಲು ನೋವಿನವರು ಮೇಲಿನಿಂದ ನೋಡಿದರೆ ಸಾಕು, ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.

ಎರಡು ರಾತ್ರಿ ಬಸ್ಸಿನಲ್ಲೇ ಕಳೆಯಬೇಕು, ಸೋಮವಾರ ಆಫೀಸಿರುವವರು ಶುಕ್ರವಾರದ ಬಸ್ಸನ್ನೇ ಹಿಡಿಯಿರಿ. ಪುಟ್ಟ ಮಕ್ಕಳಿದ್ದರೆ ಪ್ಯಾಕೇಜ್ ಬಿಟ್ಟು ಸಾಗರದಲ್ಲಿ ಒಂದು ರಾತ್ರಿ ತಂಗುವುದೇ ಲೇಸು. ಮರಳುವ ಬಸ್ಸು ಸಾಗರ ಬಿಡುವುದು ರಾತ್ರಿ ಹತ್ತಕ್ಕೆ. ಅಷ್ಟರೊಳಗೆ ಪೇಟೆಯಲ್ಲಿ ಗುಡಿಗಾರರ ಗಂಧದ ಕೆತ್ತನೆ ನೋಡಬಹುದು. ಕಾಗದದಷ್ಟು ತೆಳ್ಳಗಿನ ಮಲೆನಾಡಿನ ಸಿಹಿ ತೊಡೆದೇವು ಸಿಕ್ಕರೆ ಗಟ್ಟಿ ಡಬ್ಬಿಯಲ್ಲಿ ಕಟ್ಟಿಸಿಕೊಳ್ಳಿ, ಚೀಲದಲ್ಲಿಟ್ಟರೆ ಬೆಂಗಳೂರು ತಲುಪುವುದು ಪುಡಿಯೇ.