ಲೋಳೆಸರ ಉರಿಸಿತು, ಕೊಬ್ಬರಿ ಎಣ್ಣೆ ಉಳಿಯಿತು

ಮುಟ್ಟು ನಿಂತು ಮೂರು ವರ್ಷವಾದ ಮೇಲೆ ಶುರುವಾದ ತೊಂದರೆ ಇದು, ಯೋನಿ ಒಣಗುವುದು. ಮೊದಲು ಕೂತಲ್ಲಿ ನಿಂತಲ್ಲಿ ಕೆರೆತ, ಆಮೇಲೆ ಮೂತ್ರಕ್ಕೆ ಹೋದರೆ ಉರಿ, ಕೊನೆಗೆ ನಮ್ಮವರು ಹತ್ತಿರ ಬಂದರೆ ನಾನೇ ಗೋಡೆ ಕಡೆ ತಿರುಗಿ ಮಲಗುವ ಹಾಗಾಯಿತು. ಮೈ ಬಿಸಿಯೇರುವುದು, ಬೆವರುವುದು ಎಷ್ಟೋ ಜನಕ್ಕೆ ವರ್ಷ ಕಳೆದಂತೆ ತಣ್ಣಗಾಗುತ್ತದೆ. ಈ ಒಣಗುವಿಕೆ ಹಾಗಲ್ಲ. ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿದು ಯೋನಿಯ ಒಳಪದರ ತೆಳುವಾಗಿ ಪಸೆ ಬತ್ತಿದ ಮೇಲೆ, ತಾನಾಗಿ ವಾಸಿಯಾಗುವುದು ಅಪರೂಪ.

ಹಾರ್ಮೋನ್ ಬೇಡವೇ ಬೇಡ ಎಂಬ ಹಟದಲ್ಲಿ ಒಂದೂವರೆ ವರ್ಷ ಗಿಡಮೂಲಿಕೆಯ ಹಿಂದೆ ಬಿದ್ದಿದ್ದೆ. ನಾಲ್ಕನ್ನು ಬಳಸಿ ನೋಡಿದ್ದೇನೆ. ಈಗಲೂ ಹಾಸಿಗೆ ಪಕ್ಕ ಇರುವುದು ಪರಿಮಳ, ಕರ್ಪೂರ ಏನೂ ಬೆರೆಸದ ಕೊಬ್ಬರಿ ಎಣ್ಣೆಯ ಪುಟ್ಟ ಡಬ್ಬಿ.

ಎಲ್ಲಕ್ಕಿಂತ ಕೆಟ್ಟ ಅನುಭವ ಲೋಳೆಸರದ ಜೆಲ್ಲಿನದು. ಬಾಟಲಿ ಮೇಲೆ ಹಸಿರು ಎಲೆ, 'ನೈಸರ್ಗಿಕ' ಎಂಬ ದಪ್ಪಕ್ಷರ. ಮುಖಕ್ಕೆ ಹಚ್ಚಿದರೆ ತಂಪಾಗಿತ್ತು, ಹಾಗಾಗಿ ಅಲ್ಲಿಗೂ ಆಗುತ್ತದೆಂದು ರಾತ್ರಿ ಹಚ್ಚಿಕೊಂಡೆ. ಎರಡು ನಿಮಿಷದಲ್ಲಿ ಮೆಣಸಿನಪುಡಿ ತಾಗಿದ ಹಾಗೆ ಉರಿ. ಬರೀ ನೀರಿನಲ್ಲಿ ತೊಳೆದು ತೊಳೆದು ಬೆಳಗಿನ ಜಾವದವರೆಗೆ ಎದ್ದಿದ್ದೆ. ಮೊದಮೊದಲು ಹೀಗೇ ಇರಬೇಕು, ಒಗ್ಗಿಹೋಗುತ್ತದೆ ಎಂದುಕೊಂಡು ನಾಲ್ಕು ದಿನ ಬಿಟ್ಟು ಮತ್ತೆ ಹಚ್ಚಿದೆನಲ್ಲ, ಆ ದಡ್ಡತನಕ್ಕೆ ಏನನ್ನಬೇಕೋ.

ಆಮೇಲೆ ಕನ್ನಡಕ ಹಾಕಿಕೊಂಡು ಹಿಂದಿನ ಸಣ್ಣಕ್ಷರ ಓದಿದೆ. ಲೋಳೆಸರದ ಜೊತೆಗೆ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಸುಗಂಧ, ಬಣ್ಣ. ಗ್ಲಿಸರಿನ್ ಥರದ್ದು ಜಾಸ್ತಿ ಕರಗಿದ್ದರೆ ಜೆಲ್ ಜೀವಕೋಶಗಳಿಂದಲೇ ನೀರು ಹೀರುತ್ತದೆ, ಉಪ್ಪು ಸವರಿದ ಸೌತೆಕಾಯಿ ನೀರು ಬಿಡುವ ಹಾಗೆ. ಮೊದಲೇ ಒಣಗಿದ ಜಾಗ ಇನ್ನಷ್ಟು ಒಣಗದೆ ಏನಾಗುತ್ತದೆ? ಇದರ ಅಳತೆಗೆ ಆಸ್ಮೊಲಾಲಿಟಿ ಎನ್ನುತ್ತಾರೆ. ಕೂಡುವಾಗ ಜಾರಲೆಂದು ಹಚ್ಚುವ ಲೂಬ್ರಿಕೆಂಟುಗಳಲ್ಲಿ ಅದು 1200 ಮೀರಬಾರದು, 380ರೊಳಗಿದ್ದರೆ ಇನ್ನೂ ಒಳ್ಳೆಯದು, ಹುಳಿಯ ಅಳತೆಯಾದ ಪಿಎಚ್ ಸುಮಾರು 4.5 ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2012ರ ಸಲಹೆ. ನನ್ನ ಬಾಟಲಿಯಲ್ಲಿ ಎರಡೂ ಅಂಕಿ ಇರಲಿಲ್ಲ. ಇರುವುದಾದರೂ ಹೇಗೆ, ಅದು ಮುಖಕ್ಕೆ ಮಾಡಿದ್ದು. ಯೋನಿಗೆಂದೇ ತಯಾರಿಸಿದ ಲೋಳೆಸರದ ಜೆಲ್ ಬೇರೆ ಇದೆ, ಅದರ ಮೇಲೆ ದೂರಿಲ್ಲ. ಗಿಡದಿಂದಲೇ ಕಿತ್ತು ಹಚ್ಚು ಎಂದಳು ತಂಗಿ. ಸಿಪ್ಪೆಯಡಿಯ ಹಳದಿ ಹಾಲು ಚರ್ಮಕ್ಕೆ ತುರಿಕೆ ತರುತ್ತದೆ, ನನಗೆ ಧೈರ್ಯ ಸಾಲಲಿಲ್ಲ.

ಶತಾವರಿ ಪುಡಿ ಮೂರು ತಿಂಗಳು ಕುಡಿದೆ. ನಿದ್ದೆ ಸ್ವಲ್ಪ ಸುಧಾರಿಸಿತೇನೋ, ಕೆಳಗೆ ಮಾತ್ರ ಏನೂ ವ್ಯತ್ಯಾಸವಿಲ್ಲ. ಇಂಥ ಮೂಲಿಕೆಗಳಿಗೆ ಈಸ್ಟ್ರೋಜನ್‌ನಂಥ ಗುಣವಿರಬಹುದು ಎನ್ನುತ್ತಾರೆ, ಆದ್ದರಿಂದ ಸ್ತನ ಕ್ಯಾನ್ಸರ್ ಆಗಿದ್ದವರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಸೀಬಕ್‌ಥಾರ್ನ್ ಎಂಬ ಕಿತ್ತಳೆ ಬಣ್ಣದ ಹಣ್ಣಿನ ಎಣ್ಣೆಯ ಕ್ಯಾಪ್ಸೂಲ್ ಇದಕ್ಕಿಂತ ವಾಸಿ. 2014ರಲ್ಲಿ ಪ್ರಕಟವಾದ ಫಿನ್ಲೆಂಡಿನ ಪ್ರಯೋಗದಲ್ಲಿ ದಿನಕ್ಕೆ 3 ಗ್ರಾಂನಂತೆ 3 ತಿಂಗಳು ಕೊಟ್ಟು ನೋಡಿದ್ದರು, ಒಳಪದರದ ಸ್ಥಿತಿಯಲ್ಲಿ ಅಷ್ಟಿಷ್ಟು ಸುಧಾರಣೆ ಕಂಡಿತ್ತು. ನನ್ನ ಕ್ಯಾಪ್ಸೂಲ್ 500 ಮಿಲಿಗ್ರಾಂನದು, ಅಂದರೆ ದಿನಕ್ಕೆ ಆರು! ಎರಡು ತಿಂಗಳಿಗೆ ಕೆರೆತ ತುಸು ಇಳಿಯಿತು, ಪರ್ಸೂ ಇಳಿಯಿತು. ಬಿಟ್ಟೆ.

ಮುಟ್ಟು ನಿಂತವರು ತೆಗೆದುಕೊಳ್ಳುವ ಬ್ಲ್ಯಾಕ್ ಕೊಹೋಶ್ ಎಂಬ ಮೂಲಿಕೆಯನ್ನು ತರಲೇ ಇಲ್ಲ. ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳಿವೆ.

ಇನ್ನು ನನ್ನ ಎಣ್ಣೆ. ರಾತ್ರಿ ಕೈ ತೊಳೆದು ಬಟಾಣಿಯಷ್ಟು ತೆಗೆದು ಹೊರಗೆ ಮತ್ತು ಯೋನಿಯ ಬಾಯಿಯ ಹತ್ತಿರ ಹಚ್ಚುತ್ತೇನೆ, ಕೂಡುವ ಮೊದಲು ಇನ್ನಷ್ಟು. ಉರಿಯಿಲ್ಲ, ಬೇಗ ಆರುವುದಿಲ್ಲ, ದುಡ್ಡೂ ಕಡಿಮೆ. ಒಳಉಡುಪಿನ ಕಲೆ ಹೋಗುವುದಿಲ್ಲ, ಅದಕ್ಕೆಂದೇ ಹಳೆಯ ನಾಲ್ಕು ಎತ್ತಿಟ್ಟಿದ್ದೇನೆ. ಲ್ಯಾಟೆಕ್ಸ್ ಕಾಂಡೋಮ್ ಬಳಸುವವರಿಗೆ ಇದು ಬೇಡ, ಎಣ್ಣೆ ತಾಗಿದರೆ ಅದು ಹರಿದುಹೋಗಬಹುದು. ಪದೇ ಪದೇ ಸೋಂಕಾಗುವವರೂ ವೈದ್ಯರನ್ನು ಕೇಳಿ ಹಚ್ಚಿ.

ಆದರೆ ಎಣ್ಣೆ ಬರೀ ಹೊದಿಕೆ. ತೆಳುವಾದ ಪದರವನ್ನು ಅದು ದಪ್ಪ ಮಾಡುವುದಿಲ್ಲ, ಮೂತ್ರದ ಉರಿ ಅದಕ್ಕೆ ಬಗ್ಗಲೂ ಇಲ್ಲ. ಕೊನೆಗೆ ಸ್ತ್ರೀರೋಗ ತಜ್ಞೆಯ ಹತ್ತಿರ ಹೋದೆ. ಒಂದೂವರೆ ವರ್ಷ ಮೊದಲೇ ಹೋಗಬೇಕಿತ್ತು, ಯಾಕೆಂದರೆ ಲೈಕನ್ ಸ್ಕ್ಲೆರೋಸಸ್ ಎಂಬ ಚರ್ಮದ ಕಾಯಿಲೆಯಲ್ಲೂ ಇಂಥದೇ ಕೆರೆತ ಇರುತ್ತದೆ, ನೋಡದೆ ಗೊತ್ತಾಗುವುದಿಲ್ಲ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರಂತೂ ಯಾವ ಎಣ್ಣೆಯನ್ನೂ ನಂಬಿ ಕೂರಬೇಡಿ ಎಂದರು. ನನಗೆ ಅದಿರಲಿಲ್ಲ. ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಬರೆದುಕೊಟ್ಟಿದ್ದಾರೆ. ಹಚ್ಚಿದ ಜಾಗದಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ ಎಂದು ಸಮಾಧಾನವಾಗಿ ಹೇಳಿದರು. ಚೀಟಿ ಇನ್ನೂ ಪರ್ಸಿನಲ್ಲೇ ಇದೆ. ಈ ತಿಂಗಳೂ ಉರಿ ನಿಲ್ಲದಿದ್ದರೆ ತರುತ್ತೇನೆ, ಹಟವನ್ನು ಎಷ್ಟು ದಿನ ಅಂತ ಸಾಕಲಿ. ಜೆಲ್ ಬಾಟಲಿ ಮಾತ್ರ ಖಾಲಿಯಾಗುತ್ತಾ ಬಂದಿದೆ, ಒಡೆದ ಹಿಮ್ಮಡಿಗೆ ಚೆನ್ನಾಗಿದೆ.